ಹಣೆಯೊಳಗಿನ ಖಾಲಿ

ಇಪ್ಪತ್ತಾರು ವರ್ಷದಿಂದ ಪರೇಲ್‌ನ ಈ ನೆಲಮಾಳಿಗೆಯಲ್ಲಿ
ಜನರ ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸುವುದೇ ನನ್ನ ಕೆಲಸ.
ಗದ್ದ ತಟ್ಟೆಗೆ ತಾಗಲಿ, ಮೂಗು ಒಂದು ಬೆರಳು ದೂರ,
‘ತೋಂಡ ಉಘಡಾ, ಶ್ವಾಸ ರೋಖಾ.’
ಅಕ್ಕಲಕೋಟೆಯ ನನ್ನ ಬಾಯಲ್ಲಿ
ಮರಾಠಿಯೂ ಅರ್ಧ ಕನ್ನಡವಾಗಿಯೇ ಹೊರಡುತ್ತದೆ.
ಉಸಿರು ಮಾತ್ರ ಎಲ್ಲರೂ ಹಿಡಿಯುತ್ತಾರೆ.

ತಮ್ಮ ಮೂಗಿನ ನೇರಕ್ಕೇ ಮಾತಾಡುವವರನ್ನು ಕಂಡರೆ ನಗು ನನಗೆ.
ಫಿಲ್ಮಿನಲ್ಲಿ ನೇರ ಮೂಗು ಕಂಡದ್ದೇ ಅಪರೂಪ.
ಬಾಡಿಗೆ ಕೋಣೆಯ ಪಾರ್ಟಿಶನ್ನಿನ ಹಾಗೆ
ನಡುಗೋಡೆ ಎಡಕ್ಕೋ ಬಲಕ್ಕೋ ವಾಲಿರುತ್ತದೆ.

ಕೆನ್ನೆಯ ಹಿಂದೆ ಎರಡು ದೊಡ್ಡ ಗೂಡು.
ಯಾವ ಬಿಲ್ಡರನೋ ಮೋರಿಯನ್ನು ತಾರಸಿಗೆ ತಾಗಿಸಿ ಇಟ್ಟುಹೋಗಿದ್ದಾನೆ!
ಕಣ್ಣಿಗೆ ಕಾಣದ ಕೂದಲುಗಳು ಹಗಲೂ ರಾತ್ರಿ
ಮೇಲಕ್ಕೇ ಗುಡಿಸುತ್ತ ಗುಡಿಸುತ್ತ
ನೆಗಡಿಯಾದ ದಿನ ಗಿರಣಿಯವರಂತೆ ಮುಷ್ಕರ ಹೂಡುತ್ತವೆ.
ಆಗ ಚಾಳಿನ ಟಾಕಿಯಲ್ಲಿ ನಿಂತಂತೆ ಬೂದು ನೀರು,
ನೀರಿಗೊಂದು ಅಡ್ಡಗೆರೆ.
ಅದಕ್ಕೇ ನಿಲ್ಲಿಸಿ ತೆಗೆಯುವುದು.
ಮಲಗಿಸಿದರೆ ಗೆರೆ ಅಳಿಸಿಹೋಗುತ್ತದೆ.

ಕಣ್ಣಿನ ಮಗ್ಗುಲಲ್ಲಿ ಜೇನುಹುಟ್ಟು.
ಹುಟ್ಟಿಗೂ ಕಣ್ಣಿಗೂ ನಡುವಿನ ಎಲುಬಿಗೆ
ಹಳೆಯ ಪಂಡಿತರು ಕಾಗದ ಎಂದೇ ಹೆಸರಿಟ್ಟರು.
ಎಲ್ಲಕ್ಕೂ ಹಿಂದೆ, ತಲೆಯ ನಟ್ಟನಡುವೆ,
ತೆರೆದ ಬಾಯೊಳಗಿಂದ ಮಾತ್ರ ಇಣುಕುವ ಇನ್ನೊಂದು.
ಯಾತಕ್ಕೆ ಇವೆಲ್ಲ ಎಂದರೆ ಡಾಕ್ಟರ್ ಬಾಟ್ಲಿವಾಲಾ
ಒಮ್ಮೆ ಹೇಳಿದರು, ತಲೆ ಹಗುರವಾಗಲಿ ಅಂತ.
ಇನ್ನೊಮ್ಮೆ, ಚಹಾ ಕುಡಿಯುತ್ತ: ಯಾರಿಗೂ ಸರಿಯಾಗಿ ಗೊತ್ತಿಲ್ಲ.
ನನಗೆ ಗೊತ್ತಿರುವುದು ಇಷ್ಟೇ,
ಅವ್ವ ಪಾಟಿಯ ಮೇಲೆ ಕೈಹಿಡಿದು ತಿದ್ದಿಸಿದ
‘ಅಂ’ ಮುಂದಿನ ಸೊನ್ನೆ ಇಲ್ಲೇ ಎಲ್ಲೋ ಇದೆ.
ಕಟ್ಟಿದ ಮೂಗಿನವನು ‘ಮಾವ’ ಎಂದು ಕರೆದರೆ
‘ಬಾವ’ ಓಗೊಡುತ್ತಾನೆ.

ಹಣೆಯ ಗೂಡೊಂದು ಹುಟ್ಟುವಾಗ ಇರುವುದಿಲ್ಲ.
ಹುಬ್ಬಿನ ಸಂದಿಯಿಂದ ಮೆಲ್ಲಗೆ ಮೇಲೇರಿ
ಇಪ್ಪತ್ತರ ಆಸುಪಾಸಿಗೆ ನಿಲ್ಲುತ್ತದೆ.
ಒಬ್ಬರದು ಹೂಕೋಸು, ಒಬ್ಬರದು ಹರಿದ ಬೀಸಣಿಗೆ,
ಕೆಲವರಿಗೆ ಇಲ್ಲವೇ ಇಲ್ಲ.
ಒಬ್ಬರದರಂತೆ ಇನ್ನೊಬ್ಬರದನ್ನು ನಾನು ಕಂಡಿಲ್ಲ.
ಐದನೆಯ ರಾತ್ರಿ ಸೆಟವಿ ಬಂದು ಹಣೆಬರಹ ಬರೆಯುತ್ತಾಳೆ
ಎನ್ನುತ್ತಿದ್ದಳು ಅವ್ವ.
ಮಸಿಯಿಲ್ಲದೆ, ಬರಿಯ ಗಾಳಿಯಲ್ಲಿ,
ಇಪ್ಪತ್ತು ವರ್ಷ ಕೂತು ಬರೆಯುತ್ತಾಳೆಂದು
ಅವ್ವನಿಗೂ ಗೊತ್ತಿರಲಿಲ್ಲ.

ಹೋದ ಜುಲೈಯಲ್ಲಿ ಸುಲಭಾ ಘಾಡಿಗಾಂವ್ಕರ್
ಹಾಸಿಗೆಯಡಿ ಇಟ್ಟು ಮಡಿಕೆಬಿದ್ದ ಕಂದು ಲಕೋಟೆ ತಂದಳು.
ತಮ್ಮ ದೇವದತ್ತ, ಲಾಲಬಾಗಿನ ಮಸಾಲೆ ಗಲ್ಲಿಯಲ್ಲಿ
ಹದಿನೆಂಟು ವರ್ಷ ಮೆಣಸಿನಕಾಯಿ ಕುಟ್ಟುವ ಯಂತ್ರದ ಮುಂದೆ ನಿಂತು
ವಾಸನೆ ಕಳೆದುಕೊಂಡಿದ್ದವನು.
ಫಿಲ್ಮ್ ನಾನೇ ತೆಗೆದದ್ದು,
ಮೂಲೆಯಲ್ಲಿ ನನ್ನ ಸೀಸದ ‘ಆರ್’ ಅಕ್ಷರ, ತುಸು ವಾಲಿದ್ದು.
ಕಾಟನ್ ಗ್ರೀನ್ ಆಚೆ ಹಳಿಯ ಮೇಲೆ ಸಿಕ್ಕವನಿಗೆ
ಮುಖ ಉಳಿದಿರಲಿಲ್ಲ.
ಹಣೆ ಉಳಿದಿತ್ತು.

ಅದೇ ಕೋನ ಬರಲೆಂದು ಗದ್ದಕ್ಕೆ ಸ್ಪಂಜು ಕೊಟ್ಟು,
ಸೀಸದ ತೆರೆಯ ಹಿಂದೆ ಬಂದು, ಬಟನ್ ಒತ್ತುವ ಮೊದಲು
‘ಶ್ವಾಸ ರೋಖಾ’ ಎಂದುಬಿಟ್ಟೆ.
ವಾರ್ಡ್‌ಬಾಯ್ ನಗಲಿಲ್ಲ.

ದೀಪದ ಪೆಟ್ಟಿಗೆಯ ಮೇಲೆ ಎರಡು ಹಣೆ ಅಕ್ಕಪಕ್ಕ.
ಎಡಕ್ಕೆ ಮೂರು ಕುಚ್ಚು, ಬಲಕ್ಕೆ ಒಂದೇ, ನಡುವೆ ಸೊಟ್ಟ ಗೆರೆ.
ಇಲ್ಲಿಯೂ ಮೂರು. ಒಂದೇ. ಸೊಟ್ಟ.
ಡಾಕ್ಟರು ಸಹಿ ಹಾಕಿದರು.

ಹೊರಗೆ ಬೆಂಚಿನ ಮೇಲೆ ಅವಳಿಗೆ ಲಕೋಟೆ ಮರಳಿಸುವಾಗ
ಹೇಳಬೇಕಾದ ಮಾತು ಗಂಟಲಿಗೆ ಬಂದಿತ್ತು,
ಅಷ್ಟರಲ್ಲಿ ಲಕೋಟೆಯ ಮೂಲೆಯಿಂದ
ಹಳೆಯ ಮೆಣಸಿನ ಘಾಟು ನೆತ್ತಿಗೇರಿ
ಸೀನಿದೆ, ಮೂರು ಸಲ.
ಅವಳು ನನ್ನ ಮುಖ ನೋಡದೆಯೇ,
ಮನೆಯಲ್ಲಿ ಅವನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳೇನೋ,
‘ಶತಾಯುಷಿ ಹೋ’ ಎಂದಳು.