ಬ್ರೇಕ್ ಹಿಡಿದಾಕಿಯ ಲೆಕ್ಕ

ಗದಗ ರಸ್ತೆಗೆ, ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಜಾಗದಾಗ
ಹಂಪಿಹೊಳಿ ಈರಪಣ್ಣ ಕಬ್ಬಿಣ ಇಳಿಸಿದಾಗ
ರೈಲ್ವೆದವ್ರು ಮತ್ತೊಂದು ಲೈನ್ ಹಾಕ್ತಾರ ಅಂದ್ರು ಮಂದಿ.
ಲೈನೇ ಹೌದು.
ಯಾವ ಊರಿಗೂ ಮುಟ್ಟಿಸೂದಲ್ಲ,
ಹತ್ತಿದಲ್ಲೇ ಇಳಿಸೂದು.

ವರ್ಕ್‌ಶಾಪಿನಿಂದ ರಿಟೈರಾದ ಹಜರೇಸಾಬ ನದಾಫ
ಎರಿಮಣ್ಣು ಮುಷ್ಟಿಯೊಳಗ ಹಿಚುಕಿ ನೋಡಿದ.
"ಇದು ಉಸಿರಾಡೂ ನೆಲ.
ಮಳಿಗೆ ಉಬ್ಬತೈತಿ, ಬ್ಯಾಸಗಿಗೆ ಬಾಯಿ ಬಿಡತೈತಿ.
ಗರಸು ಸಿಗೂತನಕ ಅಗೀರಿ."
ಪುಣೆ ಇಂಜಿನಿಯರ್ ಎಂಟು ಫೂಟು ಸಾಕಂದ.
ಹತ್ತೊಂಬತ್ತನೇ ಕಂಬಕ್ಕ ಮಾತ್ರ ಅವನ ಮಾತು ನಡೀತು,
ಅವತ್ತು ಹಜರೇಸಾಬ ಮಗಳ ಲಗ್ನಕ್ಕ
ಸವಣೂರಿಗೆ ಹೋಗಿದ್ದ.

ಮನಶಾರನ್ನ ಕೂಡಿಸೂಕಿಂತ ಮೊದಲು
ಇಪ್ಪತ್ತು ಸೀಟಿಗೆ ಇಪ್ಪತ್ತು ಚೀಲ ಕಟ್ಟಿದ್ರು.
ಉಸುಕಿನವು ಹದಿನೆಂಟೇ ಇದ್ದುವು,
ಉಳಿದೆರಡಕ್ಕ ಬ್ಯಾಡಗಿ ಮೆಣಸಿನಕಾಯಿ.
ಮೂರನೇ ಸಲ ತಲಿಕೆಳಗಾದಾಗ ಒಂದು ಬಿಚ್ಚಿಕೊಂಡು
ಕೆಂಪು ಮಳಿ!
ಮಾಲಕ, ಇಂಜಿನಿಯರ್, ಬ್ಯಾಂಕಿನ ಮ್ಯಾನೇಜರು
ಸೀನಕೋತನ ಚಪ್ಪಾಳಿ ಹೊಡದ್ರು.
ಬೋರ್ಡಿನ ಮ್ಯಾಲೆ ಅದರ ಹೆಸರು 'ಬಿರುಗಾಳಿ'.
ಓಣಿ ಹುಡುಗ್ರ ಬಾಯಾಗ ಕಡೀತನಕ 'ಮೆಣಸಿನಕಾಯಿ'.

ನಾನು ಕಸ್ತೂರೆವ್ವ ಮುಳಗುಂದ.
ಅದ ಜಾಗದಾಗ ಹದಿನಾಕು ವರ್ಷ ಹತ್ತಿ ಆರಿಸಿದ ಕೈಗೆ
ಒಂದು ಹಿಡಿಕಿ ಕೊಟ್ಟು, ಒಂದು ಸ್ಟೂಲ್ ಕೊಟ್ರು.
"ಏರೂದಕ್ಕ ಮೋಟರ್ ಐತಿ, ಇಳಿಯೂದಕ್ಕ ಭೂಮಿ ಐತಿ,
ನಿಲ್ಲಿಸೂದಕ್ಕ ನೀ ಇದ್ದಿ," ಅಂದ ಹಜರೇಸಾಬ.
"ಮಂದಿ ಮುಖ ನೋಡಬ್ಯಾಡ. ಹಳಿ ಏನಂತೈತಿ ಕೇಳು.
ನಲವತ್ತೆರಡಕ್ಕ ಜಗ್ಗು."

ದಾಖಲೆ ಬರಕೊಳ್ಳಾವ್ರು ಇಬ್ಬರು ಬಂದ್ರು,
ಒಬ್ಬನ ಕೈಯಾಗ ಯಂತ್ರ, ಇನ್ನೊಬ್ಬನ ಕೈಯಾಗ ಬರೇ ಛತ್ರಿ.
ಒಂಬತ್ತು ಸಲ ತಲಿಕೆಳಗು, ದೇಶದಾಗ ಮೊದಲು!
ಆದ್ರ ಸೀಟೆಲ್ಲ ತುಂಬಿರಬೇಕು, ಒಂದು ಖಾಲಿ.
ಈರಪಣ್ಣನ ಅವ್ವ ಶಿವಗಂಗವ್ವ, ಎಪ್ಪತ್ನಾಕು ವರ್ಷದಾಕಿ,
ಸೆರಗು ಗದ್ದಕ್ಕ ಬಿಗದು ಹತ್ತಿ ಕುಂತ್ಳು.
ಇಳದು, ಅಡಕಿ ಚೀಲ ತಡವಿಕೊಂಡು,
"ನಮ್ಮ ಗಾಡಿ ಇದಕ್ಕಿಂತ ಕುಲುಕ್ತಿತ್ತು," ಅಂದ್ಳು.

ಸರ್ಟಿಫಿಕೇಟಿನಾಗ ಹುಬ್ಬಳ್ಳಿಗೆ ಒಂದು ಬ ಕಮ್ಮಿ.
ಗದಗಿನ ಪ್ರೆಸ್ಸಿನ್ಯಾಗ 'ದೇಶದಾಗ ಮೊದಲ' ಅಂತ
ಎರಡು ಲಕ್ಷ ತಿಕೀಟು ಅಚ್ಚಾಗಿ ಬಂದುವು.
ನಲವತ್ತೊಂದನೇ ದಿನ, ಎಲ್ಲೋ ಸಮುದ್ರದ ದಂಡಿ ಊರಾಗ
ಯಾರೋ ಹತ್ತು ಸುತ್ತಿನದು ನಿಲ್ಲಿಸಿದ್ರು.
ಪೇಂಟರ್ ನಿಚ್ಚಣಿಕಿ ಹತ್ತಿ ಬೋರ್ಡಿನ ಮೂಲ್ಯಾಗ
ಸಣ್ಣಗ ಬರದ: ಒಮ್ಮೆ.
ತಿಕೀಟಿಗೆ ಯಾರು ಬರೀಬೇಕು? ಹಂಗ ಹರದು ಕೊಟ್ವಿ.

ಮಂದಿ ಬರೂದೇನು ನಿಲ್ಲಲಿಲ್ಲ.
ಕುಂದಗೋಳದ ಹೊಸಾ ಜೋಡಿ, ಶಿಗ್ಗಾವಿ ಸಾಲಿ ಮಕ್ಕಳು,
ಗುರುವಾರಕ್ಕೊಮ್ಮೆ ಒಬ್ಬನ ಬಂದು
ಏಳನೇ ಸೀಟಿನಾಗ ಕುಂತು
ಒಮ್ಮೆನೂ ಚೀರದ ಒಬ್ಬ ಎಲ್ಲೈಸಿ ಏಜೆಂಟ.

ಮೂರನೇ ಮಳಿಗಾಲ. ಇಪ್ಪತ್ತೊಂಬತ್ತು, ಮೂವತ್ತು...
ಹಳಿ ಗಂಟಲು ಕಟ್ಟಿದಂಗಾತು.
ಮೂವತ್ತೊಂದಕ್ಕ ಜಗ್ಗಿದೆ.
ಇಪ್ಪತ್ತು ಮಂದಿ ಮುಗಲಿನ್ಯಾಗ ನಿಂತು ನನ್ನ ಬೈದ್ರು,
ಒಬ್ಬ ರೊಕ್ಕ ವಾಪಸ್ ಕೇಳಿದ.
ದಾರಕ್ಕ ಗುಂಡು ಕಟಗೊಂಡು ಹಜರೇಸಾಬ ಏರಿದ,
ಇಳದು ಬಂದು ಮಾತಾಡಲಿಲ್ಲ.
ಎರಡು ಬೆರಳು ತೋರ್ಸಿದ.
ಅಷ್ಟು ವಾಲಿತ್ತು ಹತ್ತೊಂಬತ್ತು.

ಓಡಿದ್ದನ್ನ ಅಳದು ಬರಕೊಂಡು ಹೋದ್ರು.
ನಿಲ್ಲಿಸಿದ್ದು ನನ್ನ ನೋಟ್‌ಬುಕ್ಕಿನ್ಯಾಗ ಐತಿ:
ಅರವತ್ತೊಂದು ಸಾವಿರದ ಎರಡುನೂರಾ ಹದಿನಾಕು,
ಕೆಳಗ, ಬ್ಯಾರೆ ಶಾಯಿ ಒಳಗ, ಒಂದು.

ಹಳಿ ಕಡದು ತೂಕಕ್ಕ ಮಾರಿದ್ರು.
ನೂಲ್ವಿಯೊಳಗ ಐದನೇ ಸುತ್ತಿನ ಕಬ್ಬಿಣಕ್ಕ
ಎಮ್ಮಿ ಕಟ್ಯಾರಂತ, ಮಲಕು ಹಾಕತೈತಂತ.
ಹತ್ತೊಂಬತ್ತನೇ ಕಂಬದ ಬುಡ ಮಾತ್ರ
ಕೀಳಾಕ ಬರಲಾರದ ಅಲ್ಲೇ ಉಳದೈತಿ.
ಈ ಮಳಿಗೆ ಮತ್ತ ಅರ್ಧ ಬೆರಳು ಮ್ಯಾಲೆ ಬಂತು.
ಹೋಗಿ, ಕೈ ಇಟ್ಟು ನೋಡಿಬಂದೆ.