ಕ್ಲಚ್ ಒತ್ತಿದರೆ ನಿಲ್ಲುವ ಸದ್ದು

ಕಡೈನಾದ ಹಾಸ್ಕಿನ್ ಗ್ಯಾರೇಜಿಗೆ ಬಂದವರು
ಮೊದಲು ಕೆಮ್ಮುತ್ತಾರೆ,
ಯಾರಾದರೂ ನೋಡುತ್ತಿದ್ದಾರೆಯೇ ಅಂತ ಹಿಂದೆ ತಿರುಗುತ್ತಾರೆ,
ಆಮೇಲೆ ತಾವೇ ಗಾಡಿಯಾಗುತ್ತಾರೆ.

ಬಾರ್ಲಿ ಬೆಳೆಯುವ ಆರೂವರೆ ಅಡಿಯ ಆಳು
ತುಟಿ ನಡುಗಿಸಿ ಬ್ರ್ರ್ರ್ ಅನ್ನುತ್ತಾನೆ.
ಬ್ಯಾಂಕಿನ ಹೆಂಗಸು ಕೈಚೀಲ ಎದೆಗವಚಿಕೊಂಡು
ಕೀಂ ಅನ್ನುತ್ತಾಳೆ, ನಾಚಿ, ಇನ್ನೊಮ್ಮೆ ಅನ್ನುವುದಿಲ್ಲ.
ಪಾದ್ರಿಯೊಬ್ಬರು ಹಲ್ಲು ಕಡಿದು ತೋರಿಸಿದ್ದರು:
ಹಿಂದಿನ ಡಿಫರೆನ್ಷಿಯಲ್, ಥೇಟ್.

ಪಾಪ, ಸದ್ದು ಅಂದರೆ ಇವರಿಗೆ ನಾಯ್ಸ್. ಬಹಳ ಆದರೆ ಫನ್ನಿ ನಾಯ್ಸ್.
ನಾನು ಗದಗಿನವಳು.
ನಮ್ಮವ್ವ ಒಳಗೆ ರೊಟ್ಟಿ ಬಡಿಯುತ್ತಲೇ
ಹೊರಗಿನ ಹೊಲಿಗೆ ಮಷೀನು ಕೇಳಿ ಕೂಗುತ್ತಿದ್ದಳು,
“ಎಣ್ಣಿ ಬಿಡ ಅದಕ್ಕ, ಗಂಟಲ ಒಣಗೇತಿ.”

ಲೊಟಲೊಟ ಅಂದರೆ ಬುಷ್ ಸವೆದಿದೆ.
ತಿರುವಿನಲ್ಲಷ್ಟೇ ಕಟಕಟ ಅಂದರೆ ಆ್ಯಕ್ಸೆಲ್ಲಿನ ಗಿಣ್ಣು.
ಹೊರಡುವಾಗ ಒಂದೇ ಸಲ ದಡಕ್,
ಅದು ಪ್ರೊಪೆಲ್ಲರ್ ಶಾಫ್ಟಿನ ಬಿಕ್ಕಳಿಕೆ.
ಗುಂಯ್ ಅಂತ ಏರಿ, ಕಾಲು ತೆಗೆದೊಡನೆ ದನಿ ಬದಲಿಸಿದರೆ
ಹಲ್ಲಿಗೆ ಹಲ್ಲು ಕೂಡುತ್ತಿಲ್ಲ, ಅತ್ತೆ ಸೊಸೆ.

ಟ್ರೆವರ್ ಹಾಸ್ಕಿನ್ ಈಗ ಜಾಬ್ ಕಾರ್ಡಿನ ಮೇಲೆ
ತನ್ನ ಲಿಪಿಯಲ್ಲಿ ಬರೆಯುತ್ತಾನೆ: ಲೋಟ ಲೋಟ.
ಕುಡಿಯೂದಲ್ಲೋ ಯಪ್ಪಾ.
ತಿದ್ದುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು.

ಬ್ರಾನ್‌ವಿನ್ ಟ್ರೆಝೀಸ್ ಮೂರು ಸಲ ಬಂದಳು,
ಇಪ್ಪತ್ತೆರಡು ವರ್ಷದ ಹೈಲಕ್ಸ್ ತಂದಳು.
ಮೂರು ಸಲವೂ ಅದು ಬಾಯಿ ಬಿಡಲಿಲ್ಲ,
ಡಾಕ್ಟರ ಮೆಟ್ಟಿಲು ಹತ್ತಿದೊಡನೆ
ಹಲ್ಲುನೋವು ಸಭ್ಯವಾಗುವ ಹಾಗೆ.
ಉದ್ದನೆಯ ಸ್ಕ್ರೂಡ್ರೈವರಿನ ಮೂತಿ ಗೇರ್‌ಬಾಕ್ಸಿಗೆ,
ಹಿಡಿ ನನ್ನ ಕಿವಿಯ ಎಲುಬಿಗೆ.
ಏನಿಲ್ಲ.
“ಕೆನ್ ಓಡಿಸಿದರೆ ಇಲ್ಲ, ಮಗ ಓಡಿಸಿದರೆ ಇಲ್ಲ.
ನನ್ನ ಕಿವಿ ತೋರಿಸಿಕೊಂಡು ಬಾ ಅಂತಾರೆ,” ಅಂದಳು.
ತೋರಿಸಿಕೊಂಡೂ ಬಂದಿದ್ದಳು. ಚೀಟಿ ಪರ್ಸಿನಲ್ಲಿತ್ತು.

ನಾಲ್ಕನೆಯ ಸಲ ನಾನು ಕೀಲಿಕೈ ಕೇಳಲಿಲ್ಲ.
ನೀನೇ ಓಡಿಸು, ಅಂದೆ. ಪಕ್ಕ ಕೂತೆ.
ವಾಲರೂ ಜೆಟ್ಟಿ, ಗೋಧಿಯ ಸೈಲೋಗಳು, ಉಪ್ಪು ಗಾಳಿ.
ನಲವತ್ತೊಂದು ಡಿಗ್ರಿ. ಅವಳು ಮೊಮ್ಮಗಳ ಈಜಿನ ಬಗ್ಗೆ ಹೇಳಿದಳು,
ನಾನು ಕೇಳಿದಂತೆ ಮಾಡಿ ನೆಲವನ್ನು ಕೇಳುತ್ತಿದ್ದೆ.
ಮೂಂಟಾ ದಾಟಿ ರಸ್ತೆ ರಿಪೇರಿ.
ಬಿಸಿಲಿಗೆ ಕೆಂಪಾದ ಹುಡುಗನೊಬ್ಬ
ನಿಲ್ಲಿ ಎಂಬ ಫಲಕ ಹಿಡಿದು ನಿಂತಿದ್ದ.

ಅವಳು ನಿಲ್ಲಿಸಿದಳು.
ನ್ಯೂಟ್ರಲ್ಲಿಗೆ ತಂದಳು.
ಕ್ಲಚ್ಚಿನಿಂದ ಕಾಲು ತೆಗೆದು
ಚಾಪೆಯ ಮೇಲೆ ಇಟ್ಟಳು,
ಮನೆಯಲ್ಲಿ ಕೂತ ಹಾಗೆ.

ಗರಗರ.
ಕಾಳಿಲ್ಲದ ಬೀಸುಕಲ್ಲು
ಯಾರೋ ಮೆಲ್ಲಗೆ ತಿರುವಿದ ಹಾಗೆ.

ಕ್ಲಚ್ ಒತ್ತು, ಅಂದೆ. ನಿಂತಿತು.
ಬಿಡು. ಗರಗರ.
ಒತ್ತು.
ಹಿಂದಿನ ಲಾರಿಯವನು ಹಾರ್ನ್ ಹೊಡೆಯುವವರೆಗೆ
ಇಬ್ಬರೂ ಮಕ್ಕಳ ಹಾಗೆ ಒತ್ತಿ ಬಿಟ್ಟೆವು.

ಇನ್‌ಪುಟ್ ಶಾಫ್ಟಿನ ಬೇರಿಂಗು.
ಎಣ್ಣೆ ಕಾದು ನೀರಾದ ಮೇಲಷ್ಟೇ ಅದಕ್ಕೆ ನಾಲಿಗೆ.
ಕೆನ್, ಮಗ, ಇಬ್ಬರೂ ನಿಂತಲ್ಲೂ ಹೊರಡುವವರು:
ಫಸ್ಟ್ ಗೇರು, ತುಳಿದ ಕ್ಲಚ್ಚು, ಕಾಲಿನ ಮೀನಖಂಡ ಬಿಗಿ.
ಅವರ ಹಿಮ್ಮಡಿಯ ಕೆಳಗೆ ಅದು ಉಸಿರು ಕಟ್ಟಿ ಕೂತಿತ್ತು.
ನಾನೂ, ಮೂರು ಸಲ, ತಣ್ಣನೆಯ ಗಾಡಿಯನ್ನು
ಹತ್ತೇ ನಿಮಿಷ ತಿರುಗಿಸಿ ತಂದಿದ್ದೆ.

ಎಣ್ಣೆ ಇಳಿಸಿದಾಗ ಬೆರಳ ತುದಿಗೆ ಬೇಗಡೆಯ ಮಿಣುಕು.
ಅವಳ ಹಸ್ತಕ್ಕೂ ಒಂದಿಷ್ಟು ಹಚ್ಚಿದೆ.
ಒರೆಸಿಕೊಳ್ಳದೆ ಹಾಗೇ ಹಿಡಿದುಕೊಂಡು
ಮನೆಗೆ ನಡೆದು ಹೋದಳು, ಕೆನ್‌ಗೆ ತೋರಿಸಲು.

ಕಾರ್ಡಿನಲ್ಲಿ ‘ದೋಷ ಹಿಡಿದವರು’ ಅನ್ನುವ ಜಾಗದಲ್ಲಿ
ಬಿ. ಟ್ರೆಝೀಸ್ ಅಂತ ಬರೆದೆ,
ಮಜೂರಿಯಲ್ಲಿ ಒಂದು ಗಂಟೆ ಹೊಡೆದು ಹಾಕಿದೆ.
ಟ್ರೆವರ್ ಕಾರ್ಡನ್ನೂ ನನ್ನನ್ನೂ ನೋಡಿ
ಮೂಗಿನಲ್ಲೇ ಏನೋ ಸದ್ದು ಮಾಡಿದ.

ಅದಕ್ಕೂ ನಮ್ಮಲ್ಲಿ ಒಂದು ಶಬ್ದ ಇದೆ.
ಅವನಿಗೆ ಕಲಿಸಿಲ್ಲ.