ಹನ್ನೊಂದನೇ ನಂಬರಿನ ಕೀಲಿಕೈ

‘ಮದುವೆಗೆ ಬಂದ್ರಾ, ಆಸ್ಪತ್ರೆಗಾ?’
ಅಂತ ಕೇಳಿದ ಲಾಡ್ಜಿನ ಹುಡುಗ.
ಇವರು ನನ್ನ ಮಾರಿ ನೋಡಿದ್ರು, ನಾ ಇವರದು.
‘ಸುಮ್ನ ಬಂದೀವಿ,’ ಅಂದ್ರು.
ದಪ್ಪ ಪುಸ್ತಕದಾಗ ಅದಕ್ಕೂ ಒಂದು ಖಾನೆ ಇತ್ತು, ಅವ ಬರಕೊಂಡ:
ಗುರಸಿದ್ದಪ್ಪ, ನೀಲವ್ವ, ಗುಳೇದಗುಡ್ಡ.
ನಾಲ್ಕು ದಿನ.
ಕಾರಣ: ಸುಮ್ನೆ.

ಮೂವತ್ತೊಂದು ವರ್ಷ ಕುಣಿಮಗ್ಗದಾಗ ಕಾಲಿಟ್ಟು
ಖಣ ನೇದ ಮನಶ್ಯಾ.
ಹಾಸನದಾಗೂ ಐದಕ್ಕ ಎದ್ದು
ಮಂಚದ ಅಂಚಿಗೆ ಕುಂತು
ಗಾಳಿ ತುಳೀತಿದ್ರು.
‘ಮಲಕೋರಿ, ಇಲ್ಲೆ ಯಾರೂ ಖಣ ಕೇಳೂದಿಲ್ಲ.’
ಮಲಗಲಿಲ್ಲ. ಕಿಟಕಿ ತಗದು ನಿಂತ್ರು.
ಹೊರಗ ಮಂಜು
ಬಸ್ ಸ್ಟ್ಯಾಂಡಿನ ಅರ್ಧ ಬೋರ್ಡು ತಿಂದು ಕುಂತಿತ್ತು.
ಯಾವ ಊರಿಗೆ ಹೊಂಟಾವೋ ಬಸ್ಸುಗಳು, ತಿಳೀಲಿಲ್ಲ.
ತಿಳಕೊಳ್ಳೂ ಗರಜೂ ಇರಲಿಲ್ಲ.

ಮೊದಲನೇ ದಿನ ಕಾಫಿ ಕುಡದ್ವಿ. ಅಷ್ಟ.

ಕಂಡ್ಕಂಡವರೆಲ್ಲಾ ಕೇಳೂದು ಒಂದ ಮಾತು:
‘ಬೇಲೂರು ನೋಡಿದ್ರಾ? ಹಳೇಬೀಡು?’
ಹೋಟ್ಲದವ, ಆಟೋದವ,
ಅವರೆಕಾಯಿ ಸುಲೀತ ಕುಂತ ಮುದುಕಿ.
‘ಇನ್ನಾ ಇಲ್ರಿ.’
‘ಅಯ್ಯೋ, ಮತ್ತೇನ್ ನೋಡಿದ್ರಿ?’

ಏನ ನೋಡಿದ್ವಿ?
ಮಾರ್ಕೆಟ್ಟಿನಾಗ ಒಬ್ಬ ಅಜ್ಜ
ಆಲೂಗಡ್ಡಿ ಚೀಲದ ಬಾಯಿ ಹೊಲೀತಿದ್ದ,
ಅದನ್ನ ನೋಡಿದ್ವಿ, ಚೀಲಾ ಮುಗಿಯೂತನಕಾ.
ನಡಕ ದಾರ ಹರೀತು.
ಇವರ ಕೈ ಇವರನ್ನ ಕೇಳದ ಮುಂದ ಹೋತು;
ಎರಡು ಬಳ್ಳು, ಒಂದು ಚಿಟಿಕಿ ಹೊಡಿಯೂದ್ರಾಗ
ಗಂಟು ಬಿದ್ದಿತ್ತು.
ಅಜ್ಜ ಜಗ್ಗಿ ನೋಡಿದ, ಕನ್ನಡಕ ಏರಿಸಿ ಮತ್ತ ಜಗ್ಗಿದ.
‘ಯಾವೂರಿನ ಗಂಟು ಸ್ವಾಮಿ ಇದು?’
ಆ ದಿನ ಪೂರಾ ಇವರು
ಭುಜ ಎತ್ತಿ ನಡದ್ರು.

ಹಾಸನಾಂಬೆ ಗುಡಿಗೆ ಹೋದ್ವಿ. ಕೀಲಿ.
‘ವರ್ಷಕ್ಕೊಂದೇ ಸಲ ತೆಗೆಯೋದು ಕಣಮ್ಮ,
ಹಚ್ಚಿಟ್ಟ ದೀಪ ಹಂಗೇ ಉರೀತಿರುತ್ತಂತೆ,
ಮುಡಿಸಿದ ಹೂ ಬಾಡಿರಲ್ವಂತೆ.
ಇನ್ನೂ ಒಂಬತ್ತು ತಿಂಗಳಿದೆ, ಆಗ ಬನ್ನಿ,’
ಅಂದ್ಲು ಹೂವಿನಾಕಿ. ಮಲ್ಲಿಗಿ ಮಾತ್ರ ಈಗ ತಗೋಳಿ ಅಂದ್ಲು.
ಇವರು ಕಿಸೆದಾಗಿಂದ ಲಾಡ್ಜಿನ ಕೀಲಿಕೈ ತಗದು
‘ಇದನ್ನ ಹಾಕಿ ನೋಡೂಣೇನ?’ ಅಂದ್ರು.
ಹಂಗೆಲ್ಲಾ ಅನಬಾರ್ದು ಅಂತ ಗಲ್ಲ ಬಡಕೊಂಡೆ, ನಗೀನೂ ಬಂತು.
ಮುಚ್ಚಿದ ಬಾಗಿಲದ ಮುಂದ ನಿಂತು ಅನಸ್ತು:
ಬೇಡಕೊಳ್ಳವರಿಲ್ಲ, ಹರಕಿ ಹೊತ್ತವರಿಲ್ಲ,
ದೀಪದ ಬೆಳಕಿನಾಗ ಕಾಲ ಚಾಚಿ ಕುಂತಾಳಕಿ.
ಅವ್ವಾ, ನೀನೂ ರಜಾ ಹಾಕೀ ಏನ?

ಮೂರನೇ ದಿನ ಬೇಲೂರಿಗೆ ಹೊಂಟಿದ್ವಿ, ಖರೆ.
ಒಂದು ಬಸ್ಸು ತುಂಬಿತ್ತು, ಬಿಟ್ವಿ.
ಇನ್ನೊಂದು ಬಂತು, ಅದೂ ತುಂಬಿತ್ತು.
ಮೂರನೇದು ಖಾಲಿನ ಬಂತು.
ಆದ್ರ ಶೇಂಗಾ ಪೊಟ್ಟಣ ಇನ್ನಾ ಅರ್ಧ ಇತ್ತು,
ಬಿಸಿಲು ಬೆನ್ನಿಗೆ ಹಿತ ಆಗಿತ್ತು.
ಕಂಡಕ್ಟರು ‘ಹತ್ತಿ ಹತ್ತಿ’ ಅಂದ.
‘ಹೋಗಿ ಬರ್ರಿ,’ ಅಂದ್ರು ಇವರು, ಬೀಗರನ್ನ ಕಳಿಸಿದಂಗ.

ಸಂಜೀಕ ಮಹಾರಾಜ ಪಾರ್ಕಿನ ಬೆಂಚಿನ ಮ್ಯಾಲೆ
ಇದ್ದಕ್ಕಿದ್ದಂಗ ಕೇಳಿದ್ರು:
‘ನೀಲಾ, ನಿನಗ ಯಾವ ಬಣ್ಣ ಸೇರತೈತಿ?’
ಎಷ್ಟು ಬಣ್ಣದ ನೂಲು ಸುತ್ತಿದ ಕೈ ಇವು!
ಲಡಿ ಲಡಿ ಕೆಂಪು, ಕುಂಕುಮ, ಗಿಣಿಹಸಿರು,
ಊರೂರಿನ ಹೆಣ್ಣುಮಕ್ಕಳ ಮೈಮ್ಯಾಲೆ ಹೋದವು.
ಇದನ್ನ ಮಾತ್ರ ಯಾರೂ ಕೇಳಿರಲಿಲ್ಲ.
ನಾನೂ.
‘ನಾಳೆ ಹೇಳತೀನಿ,’ ಅಂದೆ.
ನಾಳೆ ಬಂತು, ಗಂಟು ಮೂಟೆ ಕಟ್ಟೂದ್ರಾಗ ಹೋತು.

ಅರಸೀಕೆರೆ ದಾಟಿದ ಮ್ಯಾಲೆ
ಚಿಲ್ಲರಕ್ಕಂತ ಕಿಸೆದಾಗ ಕೈ ಹಾಕಿದ್ರ
ಹನ್ನೊಂದನೇ ನಂಬರಿನ ಕೀಲಿಕೈ.
‘ಅಯ್ಯ ಶಿವನ! ಆ ಹುಡುಗ ಏನ ಮಾಡತಾನ ಈಗ?
ಪೋಸ್ಟಿಗೆ ಹಾಕ್ರಿ, ಇಳದ ಕೂಡ್ಲೆ ಹಾಕ್ರಿ.’
‘ಹೂಂ,’ ಅಂದ್ರು. ಅಂಗೈಯಾಗ ಇಟಗೊಂಡು
ತೂಕ ನೋಡಿದಂಗ ನೋಡಿದ್ರು.
ಆಮ್ಯಾಲೆ, ಕಿಟಕಿ ಕಡೆ ತಿರುಗಿ:
‘ಬಣ್ಣ ಹೇಳಲೇ ಇಲ್ಲ ನೀ.’

ಹೊರಗ ತೆಂಗಿನ ತೋಟ ಓಡತಿದ್ವು,
ಬುಡದಾಗ ಕೆಂಪು ನೆಲ.
‘ಕರಿ ಹೊಲ ಶುರು ಆಗೂತನಕಾ
ವ್ಯಾಳ್ಯಾ ಐತಲ್ರಿ,’ ಅಂದೆ.